ಟ್ರಕ್ ಸ್ಟಾಪ್‌ನಲ್ಲಿ ಆರ್‌ವಿ ನಿಲ್ಲಿಸಿ ಮಲಗಬಹುದಾ?

ಪ್ರಶ್ನೆ: ನಾವು ಡಲ್ಲಾಸ್ ಹತ್ತಿರ ಇರುವವರು. ಜೂನ್‌ನಲ್ಲಿ ಶಿವಮೊಗ್ಗದಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. 30 ಅಡಿಯ ಆರ್‌ವಿ (ಹಾಸಿಗೆ, ಅಡುಗೆಮನೆ, ಟಾಯ್ಲೆಟ್ ಒಳಗೇ ಇರುವ ಗಾಡಿ) ಬಾಡಿಗೆಗೆ ತಗೊಂಡು, ಇಬ್ಬರು ಮಕ್ಕಳ ಜೊತೆ ಎಲ್ಲರೂ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗುವ ಯೋಚನೆ ಇದೆ. ರಾತ್ರಿ ಟ್ರಕ್ ಸ್ಟಾಪ್‌ನಲ್ಲಿ (ಹೈವೇ ಬದಿ ಲಾರಿಗಳು ಇಂಧನ ಹಾಕಿಸಿ ತಂಗುವ ಜಾಗ) ನಿಲ್ಲಿಸಿದರೆ ಕ್ಯಾಂಪ್‌ಗ್ರೌಂಡ್ ದುಡ್ಡು ಉಳಿಯುತ್ತದೆ ಎಂದು ಸ್ನೇಹಿತರು ಹೇಳಿದರು. ಹೋದ ವರ್ಷ ಒಂದು ಸಣ್ಣ ಟ್ರಿಪ್‌ನಲ್ಲಿ ಹಾಗೇ ಮಾಡಿದ್ದೆವು. ರಾತ್ರಿ ಹತ್ತರ ಹೊತ್ತಿಗೆ ಒಬ್ಬ ಟ್ರಕ್ ಡ್ರೈವರ್ ಬಂದು ಬಾಗಿಲು ತಟ್ಟಿ, ಸಿಟ್ಟಿನಿಂದ ಮಾತಾಡಿ ಹೋದರು. ಜಾಗ ಖಾಲಿ ಇತ್ತು, ನಿಲ್ಲಿಸಿದ್ದೆವು, ಅಷ್ಟೇ. ನಮ್ಮ ತಪ್ಪು ಏನು ಅಂತ ಇವತ್ತಿಗೂ ಗೊತ್ತಾಗಿಲ್ಲ. ಅಪ್ಪ ಅಂತೂ ಫೋನಿನಲ್ಲಿ "ಅದು ಲಾರಿಯವರ ಜಾಗ, ಅಲ್ಲಿ ಬೇಡಮ್ಮ" ಅನ್ನುತ್ತಿದ್ದಾರೆ. ನೀವು ಟ್ರಕ್ ಓಡಿಸಿದವರು, ಈಗ ಆರ್‌ವಿಯಲ್ಲೂ ಓಡಾಡುತ್ತೀರಿ. ಅಲ್ಲಿ ಹೇಗೆ ನಡೆದುಕೊಳ್ಳಬೇಕು, ಸ್ವಲ್ಪ ವಿವರವಾಗಿ ಹೇಳುತ್ತೀರಾ?

ಉತ್ತರ: ನಿಮ್ಮ ಅಪ್ಪ ಹೇಳಿದ್ದು ಸರಿ. ಅದು ಲಾರಿಯವರ ಜಾಗವೇ. ಹಾಗಂತ ಅಲ್ಲಿಗೆ ಕಾಲಿಡಲೇಬಾರದು ಅಂತಲ್ಲ. ಡೀಸೆಲ್, ಪೆಟ್ರೋಲ್, ಊಟ, ಟಾಯ್ಲೆಟ್, ಪ್ರೊಪೇನ್ (ಗಾಡಿಯ ಅಡುಗೆ ಗ್ಯಾಸ್), ಎಲ್ಲಕ್ಕೂ ಧಾರಾಳವಾಗಿ ಹೋಗಿ. ಆದರೆ ರಾತ್ರಿ ಮಲಗುವ ವಿಷಯ ಬಂದಾಗ ಮಾತ್ರ ಎರಡು ಸಲ ಯೋಚನೆ ಮಾಡಿ. ಒಂಬತ್ತು ವರ್ಷ 53 ಅಡಿಯ ಟ್ರೇಲರ್ ಎಳೆದಿದ್ದೇನೆ, ಆಮೇಲೆ ಮನೆಯವರ ಜೊತೆ ಆರ್‌ವಿಯಲ್ಲಿ ಸುತ್ತಿದ್ದೇನೆ. ಎರಡೂ ಕಡೆ ಕೂತು ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಮೊದಲು ನಿಮ್ಮ ಬಾಗಿಲು ತಟ್ಟಿದ ಆ ಡ್ರೈವರ್ ವಿಷಯ. ಅವರು ಜೋರು ಮಾಡಿದ್ದು ಸರಿ ಅಂತ ನಾನು ಹೇಳುವುದಿಲ್ಲ. ಮಕ್ಕಳು ಮಲಗಿರುವ ಗಾಡಿಯ ಬಾಗಿಲು ಬಡಿದು ಸಿಟ್ಟು ಮಾಡುವುದು ಯಾರಿಗೂ ಒಪ್ಪುವ ಮಾತಲ್ಲ. ಆದರೆ ರಾತ್ರಿ ಹತ್ತು ಗಂಟೆಗೆ ಅವರ ಸ್ಥಿತಿ ಏನಿತ್ತು ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಇಲ್ಲಿ ಟ್ರಕ್ ಡ್ರೈವರ್‌ಗಳ ಕೆಲಸ ಗಡಿಯಾರಕ್ಕೆ ಕಟ್ಟಿ ಹಾಕಿದ ಹಾಗಿರುತ್ತದೆ. ಸತತ 10 ಗಂಟೆ ವಿಶ್ರಾಂತಿ ಆದ ಮೇಲೆ ಕೆಲಸ ಶುರು ಮಾಡಿದರೆ, ಆ ಕ್ಷಣದಿಂದ 14 ಗಂಟೆ ಎಣಿಕೆ ಶುರು. ಅದರೊಳಗೆ 11 ಗಂಟೆ ಮಾತ್ರ ಓಡಿಸಬಹುದು. 8 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ತಗೊಳ್ಳಲೇಬೇಕು. ಆ 14 ಗಂಟೆ ಸಾಮಾನ್ಯವಾಗಿ ನಿಲ್ಲುವುದೇ ಇಲ್ಲ. ಗೋದಾಮಿನಲ್ಲಿ ಲೋಡ್ ಮಾಡಲು ಐದು ಗಂಟೆ ಕಾಯಿಸಿದರೂ ಅದು ಓಡುತ್ತಲೇ ಇರುತ್ತದೆ. ಮೊದಲು ಇದನ್ನೆಲ್ಲ ಕಾಗದದ ಪುಸ್ತಕದಲ್ಲಿ ಬರೆಯುತ್ತಿದ್ದರು. 2017ರ ಡಿಸೆಂಬರ್‌ನಿಂದ ಬಹುತೇಕ ಟ್ರಕ್‌ಗಳಲ್ಲಿ ಇಎಲ್‌ಡಿ ಎಂಬ ಎಲೆಕ್ಟ್ರಾನಿಕ್ ಯಂತ್ರ ಕಡ್ಡಾಯವಾಯಿತು. ಅದು ಇಂಜಿನ್‌ಗೇ ಜೋಡಿಸಿರುತ್ತದೆ. ಚಕ್ರ ಉರುಳಿದರೆ ಅದಕ್ಕೆ ಗೊತ್ತಾಗುತ್ತದೆ. ಸಮಯ ಮೀರಿ ಓಡಿಸಿದರೆ ದಾಖಲಾಗುತ್ತದೆ, ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಗಾಡಿ ಅಲ್ಲೇ ನಿಲ್ಲಬೇಕಾಗಬಹುದು. ಹತ್ತಿರದ ಸುರಕ್ಷಿತ ಜಾಗಕ್ಕೆ ಹೋಗಲು ಒಂದಿಷ್ಟು ಸಡಿಲಿಕೆ ಇದೆ, ನಿಜ. ಆದರೆ ಅದನ್ನು ಬಳಸಲು ಕೆಲವು ಕಂಪನಿಗಳು ಬಿಡುವುದಿಲ್ಲ.

ಅಂದರೆ ಸಂಜೆ ಆದ ಮೇಲೆ ಡ್ರೈವರ್ ಹುಡುಕುವುದು ಬರೀ ಪಾರ್ಕಿಂಗ್ ಅಲ್ಲ. ಅವತ್ತಿನ ಹಾಸಿಗೆ ಹುಡುಕುತ್ತಾರೆ, ಅದೂ ಇಷ್ಟೇ ನಿಮಿಷದಲ್ಲಿ ಸಿಗಬೇಕು. ಎಪ್ಪತ್ತು ಅಡಿಗೂ ಜಾಸ್ತಿ ಉದ್ದದ ಗಾಡಿ ನಿಲ್ಲಿಸಲು ಊರೊಳಗೆ ಜಾಗ ಇಲ್ಲ, ಮಾಲ್‌ಗಳಲ್ಲಿ ಬಿಡುವುದಿಲ್ಲ, ಎಷ್ಟೋ ಊರುಗಳಲ್ಲಿ ರಸ್ತೆ ಬದಿಯಲ್ಲಿ ನಿಲ್ಲಿಸಿದರೆ ದಂಡ.

ಒಂದು ರಾತ್ರಿಯ ಕಥೆ ಹೇಳುತ್ತೇನೆ. ನೀವು ಹೋಗಲಿರುವ ಐ-40 ರಸ್ತೆಯಲ್ಲೇ ನಡೆದದ್ದು. ಆಲ್ಬುಕರ್ಕಿಯ ಒಂದು ಗೋದಾಮಿನಲ್ಲಿ ಮಧ್ಯಾಹ್ನ ಪೂರ್ತಿ ನನ್ನನ್ನು ಕಾಯಿಸಿದರು. ಹೊರಗೆ ಬರುವ ಹೊತ್ತಿಗೆ ಕತ್ತಲಾಗಿತ್ತು, ಗಡಿಯಾರದಲ್ಲಿ ಉಳಿದದ್ದು ಐವತ್ತು ನಿಮಿಷ. ಮೊದಲ ಟ್ರಕ್ ಸ್ಟಾಪ್ ತುಂಬಿ, ಒಳಗಿನ ದಾರಿಯಲ್ಲೂ ಗಾಡಿಗಳು ನಿಂತಿದ್ದವು. ಎರಡನೆಯದರಲ್ಲಿ ಹಿಂದಿನ ಸಾಲಿನಲ್ಲಿ ಒಂದು ಜಾಗ ಕತ್ತಲೆಯಾಗಿ, ಖಾಲಿಯಾಗಿ ಕಂಡಿತು. ಎಷ್ಟು ಖುಷಿಯಾಯಿತು ಅಂತೀರಿ! ತಿರುಗಿಸಿಕೊಂಡು ಹತ್ತಿರ ಹೋದರೆ ಅಲ್ಲೊಂದು ಆರ್‌ವಿ. ಟ್ರಕ್‌ಗಳಿಗಿಂತ ಗಿಡ್ಡವಾಗಿದ್ದರಿಂದ ದೂರಕ್ಕೆ ಕಾಣಿಸಿರಲಿಲ್ಲ. ಮೆಟ್ಟಿಲು ಇಳಿಸಿತ್ತು. ಪಕ್ಕದ ಜಾಗದಲ್ಲಿ ಎರಡು ಮಡಚುವ ಕುರ್ಚಿ, ಒಂದು ಗ್ರಿಲ್, ಮಕ್ಕಳ ಸೈಕಲ್. ಎರಡು ಟ್ರಕ್ ನಿಲ್ಲುವ ಜಾಗ ಒಂದು ಸಂಸಾರಕ್ಕೆ ಹೋಗಿತ್ತು. ನಾನು ಬಾಗಿಲು ತಟ್ಟಲಿಲ್ಲ. ತಟ್ಟುವಷ್ಟು ಸಮಯವೂ ಇರಲಿಲ್ಲ. ಕೊನೆಗೆ ಹೈವೇಯಿಂದ ಇಳಿಯುವ ರ್‍ಯಾಂಪ್‌ನ ಅಂಚಿನಲ್ಲಿ ನಿಲ್ಲಿಸಿ ಮಲಗಿದೆ. ಒಂದೊಂದು ಲಾರಿ ಹಾದು ಹೋದಾಗಲೂ ನನ್ನ ಕ್ಯಾಬ್ ತೊಟ್ಟಿಲಿನ ಹಾಗೆ ಅಲ್ಲಾಡುತ್ತಿತ್ತು. ರಾತ್ರಿ ಎರಡಕ್ಕೆ ಪೊಲೀಸರು ಬಂದು ಟಾರ್ಚ್ ಬಿಟ್ಟು, ಇಲ್ಲಿಂದ ತೆಗೆಯಿರಿ ಅಂದರು. ತೆಗೆದರೆ ನನ್ನ 10 ಗಂಟೆ ವಿಶ್ರಾಂತಿ ಮುರಿಯುತ್ತದೆ, ಬೆಳಗಿನ ಡೆಲಿವರಿ ತಪ್ಪುತ್ತದೆ. ತೆಗೆಯದಿದ್ದರೆ ದಂಡ. ಆ ಆರ್‌ವಿಯವರು ಕೆಟ್ಟವರಲ್ಲ. ಅವರಿಗೆ ಇದು ಯಾವುದೂ ಗೊತ್ತಿರಲಿಲ್ಲ. ಈ ಉತ್ತರ ಬರೆಯುತ್ತಿರುವುದೂ ಅದಕ್ಕೇ.

ರ್‍ಯಾಂಪ್ ಅಂಚಿನಲ್ಲೋ ಸಿಕ್ಕ ಇನ್ನೆಲ್ಲೋ ಮಲಗುವುದು ಬರೀ ಕಿರಿಕಿರಿ ಅಲ್ಲ, ಅಪಾಯ. 2009ರ ಮಾರ್ಚ್‌ನಲ್ಲಿ ಜೇಸನ್ ರಿವನ್‌ಬರ್ಗ್ ಎಂಬ ಡ್ರೈವರ್ ಸೌತ್ ಕ್ಯಾರೊಲೈನಾದಲ್ಲಿ ಹಾಲಿನ ಲೋಡ್ ತಲುಪಿಸಬೇಕಿತ್ತು. ಬೇಗ ಬಂದುಬಿಟ್ಟಿದ್ದರು, ನಿಲ್ಲಿಸಲು ಸುರಕ್ಷಿತ ಜಾಗ ಸಿಗಲಿಲ್ಲ. ಮುಚ್ಚಿ ಹೋಗಿದ್ದ ಒಂದು ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿದರು. ಅಲ್ಲಿ ದರೋಡೆಕೋರ ಅವರನ್ನು ಗುಂಡಿಟ್ಟು ಕೊಂದ. ಸಿಕ್ಕಿದ್ದು 7 ಡಾಲರ್. ಆಗ ಅವರ ಹೆಂಡತಿ ತುಂಬು ಗರ್ಭಿಣಿ, ಅವಳಿ ಮಕ್ಕಳು ಹುಟ್ಟಿದ್ದು ಅದಾದ ಕೆಲವೇ ದಿನಗಳಲ್ಲಿ. ಅವರು ಹೋರಾಡಿ ತಂದದ್ದೇ 2012ರ ಜೇಸನ್ಸ್ ಲಾ. ಟ್ರಕ್ ಪಾರ್ಕಿಂಗ್ ಕೊರತೆಯನ್ನು ಸರ್ಕಾರ ಲೆಕ್ಕ ಹಾಕಲೇಬೇಕು ಅಂತ ಆ ಕಾನೂನು ಹೇಳುತ್ತದೆ. 2019ರ ಸಮೀಕ್ಷೆಯಲ್ಲಿ ಸುರಕ್ಷಿತ ಪಾರ್ಕಿಂಗ್ ಸಿಗುವುದು ಕಷ್ಟ ಎಂದವರು 100ಕ್ಕೆ 98 ಡ್ರೈವರ್‌ಗಳು. ಇಡೀ ದೇಶದಲ್ಲಿ ಆಗ ಲೆಕ್ಕಕ್ಕೆ ಸಿಕ್ಕ ಟ್ರಕ್ ಜಾಗಗಳು ಸುಮಾರು 3,13,000. ಓಡಾಡುವ ಟ್ರಕ್‌ಗಳ ಲೆಕ್ಕಕ್ಕೆ ಅದು ಏನೇನೂ ಸಾಲದು.

ಈಗ ನಿಮ್ಮ ಹೋದ ವರ್ಷದ ರಾತ್ರಿಗೆ ಬರೋಣ. "ಜಾಗ ಖಾಲಿ ಇತ್ತು" ಎಂದು ಬರೆದಿದ್ದೀರಿ. ಸಂಜೆ ಐದಕ್ಕೋ ಆರಕ್ಕೋ ಹೋಗಿರಬೇಕು, ಅಲ್ವಾ? ಆ ಹೊತ್ತಿಗೆ ಟ್ರಕ್ ಸ್ಟಾಪ್ ಅರ್ಧ ಖಾಲಿ ಇರುತ್ತದೆ. ಎಂಟರ ನಂತರ ನೋಡಿ, ಹಬ್ಬದ ಹಿಂದಿನ ದಿನದ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಹಾಗೆ ಆಗುತ್ತದೆ. ನಿಮ್ಮ 30 ಅಡಿಯ ಗಾಡಿ ಎಪ್ಪತ್ತು ಅಡಿಯ ಜಾಗದಲ್ಲಿ ನಿಂತರೆ ಮಿಕ್ಕ ನಲವತ್ತು ಅಡಿ ಯಾರಿಗೂ ಉಪಯೋಗಕ್ಕಿಲ್ಲ. ಹತ್ತು ಗಂಟೆಗೆ ಬಂದವರಿಗೆ ಆ ನಲವತ್ತು ಅಡಿ ಕಣ್ಣಿಗೆ ಹೊಡೆಯುತ್ತದೆ. ನಿಮ್ಮ ತಪ್ಪು ಇಷ್ಟೇ.

ಹಾಗಾಗಿ ನನ್ನ ಮೊದಲ ಸಲಹೆ: ಟ್ರಕ್ ಸ್ಟಾಪ್‌ನಲ್ಲಿ ಮಲಗುವುದನ್ನು ಪ್ಲಾನ್‌ನಲ್ಲಿ ಬರೆದುಕೊಳ್ಳಲೇಬೇಡಿ. ಪ್ಲಾನ್ ಕೈಕೊಟ್ಟ ದಿನಕ್ಕೆ ಅದು ಇರಲಿ. ದಾರಿಯಲ್ಲಿ ಮಳೆ ಜೋರಾಯಿತು, ಅಮ್ಮನಿಗೆ ಹುಷಾರಿಲ್ಲ, ಕಣ್ಣು ಎಳೆಯುತ್ತಿದೆ, ಆಗ ಖಂಡಿತ ನಿಲ್ಲಿಸಿ. ನಿದ್ದೆಗಣ್ಣಿನಲ್ಲಿ ಓಡಿಸುವುದಕ್ಕಿಂತ ಟ್ರಕ್ ಜಾಗದಲ್ಲಿ ನಿಲ್ಲಿಸಿದ್ದೇ ವಾಸಿ, ಯಾವ ಡ್ರೈವರೂ ಇದಕ್ಕೆ ಇಲ್ಲ ಅನ್ನುವುದಿಲ್ಲ. ಆದರೆ ಕ್ಯಾಂಪ್‌ಗ್ರೌಂಡ್ ದುಡ್ಡು ಉಳಿಸಲು ಬೇಡ. ನಿಮಗೆ ಹೋಗಲು ಹತ್ತು ಜಾಗ ಇದೆ. ಅವರಿಗೆ ಇರುವುದು ಇದೊಂದೇ.

ನಿಮ್ಮ ದಾರಿಯನ್ನೇ ನೋಡಿ. ಡಲ್ಲಾಸ್‌ನಿಂದ 287 ನಂಬರಿನ ಹೈವೇಯಲ್ಲಿ ಅಮರಿಲ್ಲೊಗೆ ಸುಮಾರು 360 ಮೈಲಿ. ಅಪ್ಪ-ಅಮ್ಮ, ಮಕ್ಕಳು ಇರುವಾಗ ಒಂದು ದಿನಕ್ಕೆ ಅಷ್ಟು ಸಾಕು. ಅಲ್ಲಿಂದ ಆಲ್ಬುಕರ್ಕಿಗೆ 285 ಮೈಲಿ ಆಸುಪಾಸು, ಅಲ್ಲಿಂದ ಗ್ರ್ಯಾಂಡ್ ಕ್ಯಾನ್ಯನ್ ಕಡೆಯ ಊರಾದ ಫ್ಲಾಗ್‌ಸ್ಟಾಫ್‌ಗೆ 325ರ ಹತ್ತಿರ. ಮೂರೂ ಊರುಗಳ ಸುತ್ತಮುತ್ತ ಕರೆಂಟು, ನೀರು ಸಿಗುವ ಆರ್‌ವಿ ಪಾರ್ಕ್‌ಗಳಿವೆ. ಜೂನ್‌ನಲ್ಲಿ ಆ ಕಡೆ ಬಿಸಿಲು ಜೋರು. ಕೆಲವು ಕಡೆ ರಾತ್ರಿ ಮಲಗುವ ಹೊತ್ತಿಗೂ ಎಸಿ ಬೇಕಾಗಬಹುದು. ಕರೆಂಟ್ ಇಲ್ಲದ ಕಡೆ ಎಸಿ ಹಾಕಬೇಕೆಂದರೆ ಜನರೇಟರ್ ಓಡಿಸಬೇಕು, ಬಾಡಿಗೆ ಗಾಡಿಗಳಲ್ಲಿ ಜನರೇಟರ್‌ಗೆ ಸಾಮಾನ್ಯವಾಗಿ ಗಂಟೆ ಲೆಕ್ಕದಲ್ಲಿ ದುಡ್ಡು ಹಾಕುತ್ತಾರೆ. ಅದನ್ನೂ ಕೂಡಿಸಿ ನೋಡಿದರೆ ಉಳಿತಾಯ ಅಷ್ಟೇನೂ ಇರುವುದಿಲ್ಲ. ವಯಸ್ಸಾದವರಿಗೆ ಚೆನ್ನಾಗಿ ಸ್ನಾನ ಆಗಿ, ಜನರೇಟರ್ ಸದ್ದಿಲ್ಲದೆ ನಿದ್ದೆ ಬಂದರೆ ಮರುದಿನ ನಿಮಗೂ ಸಲೀಸು. ಗ್ರ್ಯಾಂಡ್ ಕ್ಯಾನ್ಯನ್ ಸೌತ್ ರಿಮ್‌ನಲ್ಲಿ ಮೇದರ್ ಕ್ಯಾಂಪ್‌ಗ್ರೌಂಡ್ 30 ಅಡಿಯವರೆಗಿನ ಗಾಡಿಗೆ ಮಾತ್ರ, ಅಲ್ಲಿ ಕರೆಂಟು-ನೀರಿನ ಹುಕಪ್ ಇಲ್ಲ. ಹುಕಪ್ ಬೇಕಾದರೆ ಪಕ್ಕದ ಟ್ರೇಲರ್ ವಿಲೇಜ್. ಎರಡೂ ಬೇಗ ತುಂಬುತ್ತವೆ, ಈಗಲೇ ನೋಡಿಕೊಳ್ಳಿ.

ಫ್ರೀ ಜಾಗವೇ ಬೇಕು ಅಂದರೆ ವಾಲ್‌ಮಾರ್ಟ್‌ಗೆ ಫೋನ್ ಮಾಡಿ, ರಾತ್ರಿ ಅವರ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಬಹುದಾ ಕೇಳಿ. ಬಿಡುವುದು ಬಿಡದಿರುವುದು ಆಯಾ ಅಂಗಡಿಗೆ ಬಿಟ್ಟದ್ದು. ಹೈವೇ ರೆಸ್ಟ್ ಏರಿಯಾಗಳ ನಿಯಮ ರಾಜ್ಯಕ್ಕೊಂದು. ಟೆಕ್ಸಸ್‌ನಲ್ಲಿ 24 ಗಂಟೆ ಇರಬಹುದು, ಕ್ಯಾಲಿಫೋರ್ನಿಯಾದಲ್ಲಿ 8 ಗಂಟೆ. ಆದರೆ ರೆಸ್ಟ್ ಏರಿಯಾದ ಉದ್ದನೆಯ ಜಾಗಗಳನ್ನೂ ಟ್ರಕ್‌ನವರೇ ನೆಚ್ಚಿಕೊಂಡಿರುತ್ತಾರೆ, ಅದು ನೆನಪಿರಲಿ. ಲವ್ಸ್ ಎಂಬ ಕಂಪನಿಯ ಕೆಲವು ಟ್ರಕ್ ಸ್ಟಾಪ್‌ಗಳಲ್ಲಿ ಈಗ ಆರ್‌ವಿಗಳಿಗೇ ಅಂತ ಹುಕಪ್ ಇರುವ ಬೇರೆ ಜಾಗ ಮಾಡಿದ್ದಾರೆ, ದುಡ್ಡು ಕೊಟ್ಟು ಬುಕ್ ಮಾಡಬಹುದು. ನನಗೆ ಇದು ತುಂಬಾ ಹಿಡಿಸಿದ ಏರ್ಪಾಡು. ಟ್ರಕ್ ಸ್ಟಾಪ್‌ನ ಬೆಳಕು, ಅಂಗಡಿ, ಟಾಯ್ಲೆಟ್ ಎಲ್ಲ ಇರುತ್ತದೆ, ಯಾರ ಹಾಸಿಗೆಯನ್ನೂ ಕಿತ್ತುಕೊಂಡ ಹಾಗೆ ಆಗುವುದಿಲ್ಲ.

ಇಷ್ಟೆಲ್ಲ ಆಗಿಯೂ ಒಂದು ರಾತ್ರಿ ಟ್ರಕ್ ಸ್ಟಾಪೇ ಗತಿ ಎಂದಿಟ್ಟುಕೊಳ್ಳಿ. ಒಳಗೆ ಬರುವಾಗಲೇ ಬೋರ್ಡ್ ನೋಡಿ. ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕಾರು-ಆರ್‌ವಿಗಳಿಗೆ ಒಂದು ದಾರಿ, ಟ್ರಕ್‌ಗಳಿಗೆ ಇನ್ನೊಂದು. ಕಾರಿನ ದಾರಿಯಲ್ಲಿ ಹೋಗಿ. ಗಾಡಿ ಪಕ್ಕಕ್ಕೆ ಹಾಕಿ ಒಳಗೆ ಹೋಗಿ ಕೌಂಟರ್‌ನಲ್ಲಿ ಕೇಳಿ: "30 ಅಡಿ ಆರ್‌ವಿ ಇದೆ, ರಾತ್ರಿ ನಿಲ್ಲಿಸಬಹುದಾ, ಎಲ್ಲಿ ನಿಲ್ಲಿಸಲಿ?" ಈ ಒಂದು ಪ್ರಶ್ನೆಗೆ ಎಷ್ಟು ಬೆಲೆ ಇದೆ ಅಂತ ಹೇಳಲಾರೆ. ಅಲ್ಲಿನವರಿಗೆ ತಮ್ಮ ಲಾಟ್ ಗೊತ್ತಿರುತ್ತದೆ. ಪಕ್ಕದಲ್ಲಿ ಆರ್‌ವಿ-ಬಸ್ ಅಂತ ಬರೆದ ಜಾಗ ಇರಬಹುದು. ಇಲ್ಲದಿದ್ದರೆ ಕಾರಿನ ಕಡೆಯ ಅಂಚಿನಲ್ಲಿ, ಹಿಂದೆ-ಮುಂದೆ ಎರಡು ಕಾರಿನ ಜಾಗ ಸೇರಿಸಿ ನಿಲ್ಲಿಸಿಕೊಳ್ಳಿ ಅನ್ನಬಹುದು. ನಿಮ್ಮ ಗಾಡಿ ಅಲ್ಲಿ ಹಿಡಿಸುತ್ತದೆ. ಟ್ರಕ್‌ನದು ಹಿಡಿಸುವುದಿಲ್ಲ. ಇಲ್ಲಿ ಬೇಡ ಅಂದರೆ ವಾದ ಮಾಡದೆ ಹೊರಡಿ.

ಟ್ರಕ್ ಸಾಲುಗಳ ಒಳಗೆ ನಿಲ್ಲಿಸಲೇಬೇಕಾಗಿ ಬಂದರೆ ಎರಡು ಜಾಗ ಮುಟ್ಟಬೇಡಿ. ಒಂದು, ರಿಸರ್ವ್ಡ್ ಅಂತ ಬರೆದದ್ದು. ಡ್ರೈವರ್ ಯಾರೋ ಅದಕ್ಕೆ ಮೊದಲೇ ದುಡ್ಡು ಕಟ್ಟಿ, ಇನ್ನೂರು ಮೈಲಿ ಆಚೆಯಿಂದ ಅದನ್ನೇ ನಂಬಿಕೊಂಡು ಬರುತ್ತಿರುತ್ತಾರೆ. ಇನ್ನೊಂದು, ಮುಂದಿನಿಂದ ನುಗ್ಗಿ ಮುಂದಿನಿಂದಲೇ ಹೊರಡುವ ಪುಲ್-ಥ್ರೂ ಜಾಗ. ಅದು ಟ್ರಕ್‌ನವರಿಗೆ ಬಂಗಾರ. ಮೂಲೆಯಲ್ಲೋ, ಸಾಲಿನ ತುದಿಯಲ್ಲೋ, ಟ್ರಕ್ ತಿರುಗಿಸಿಕೊಂಡು ಬರಲು ಆಗದ ಕಡೆ ಒತ್ತಿಕೊಂಡು ನಿಲ್ಲಿಸಿ. ಆದರೆ ಅಂಚಿನಲ್ಲಿ ನಿಂತಾಗ ಒಂದು ನೋಡಿಕೊಳ್ಳಬೇಕು. ಟ್ರೇಲರ್ ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಒಳಗಡೆಗೆ ಕತ್ತರಿಸಿಕೊಂಡು ಬರುತ್ತವೆ. ಸಾಲಿನ ತಿರುವಿನಲ್ಲಿ ನಿಮ್ಮ ಗಾಡಿಯ ಮೂತಿ ಒಂದು ಅಡಿ ಹೊರಗೆ ಚಾಚಿದ್ದರೂ ರಾತ್ರಿ ಯಾರದೋ ಟ್ರೇಲರ್ ಅದನ್ನು ಸವರಿಕೊಂಡು ಹೋಗಬಹುದು.

ಆಮೇಲೆ ಲೈಟು. ಎಷ್ಟೋ ಆರ್‌ವಿಯವರಿಗೆ ಗೊತ್ತಿಲ್ಲದ ವಿಷಯ ಇದು. ಟ್ರಕ್ ಸೀಟಿನ ಹಿಂದೆಯೇ ಡ್ರೈವರ್ ಮಲಗುವ ಬಂಕ್. ಸಾಲುಗಳು ಎದುರು ಬದುರು ಇರುತ್ತವೆ. ನೀವು ಹೈ ಬೀಮ್ ಹಾಕಿಕೊಂಡು ಜಾಗ ಹುಡುಕುತ್ತಾ ಒಂದು ಸುತ್ತು ಬಂದರೆ ಇಪ್ಪತ್ತು ಜನರ ಪರದೆಯ ಸಂದಿಯಲ್ಲಿ ಬೆಳಕು ಹಾಯುತ್ತದೆ. ಲೋ ಬೀಮ್‌ನಲ್ಲಿ ನಿಧಾನ ಬನ್ನಿ, ನಿಂತ ತಕ್ಷಣ ಲೈಟ್ ಆರಿಸಿ. ಬಾಗಿಲಿನ ಮೇಲಿನ ಹೊರಗಿನ ದೀಪವನ್ನೂ ಆರಿಸಿ. ಹಗಲು ಹೊತ್ತಿನಲ್ಲೂ ಗಲಾಟೆ ಬೇಡ. ರಾತ್ರಿಯಿಡೀ ಓಡಿಸಿದವರು ಮಧ್ಯಾಹ್ನ ಮಲಗಿರುತ್ತಾರೆ. ಪರದೆ ಎಳೆದಿದೆ ಅಂದರೆ ಒಳಗೆ ಯಾರೋ ಮಲಗಿದ್ದಾರೆ ಅಂತಲೇ ತಿಳಿದುಕೊಳ್ಳಿ.

ನಿಂತ ಮೇಲೆ ಗಾಡಿ ಎಷ್ಟು ಅಗಲ ಇದೆಯೋ ಅಷ್ಟರಲ್ಲೇ ಇರಬೇಕು. ಟ್ರಕ್ ಜಾಗದ ಅಗಲ ಸಾಮಾನ್ಯವಾಗಿ 12 ಅಡಿ ಆಸುಪಾಸು, ಟ್ರೇಲರ್ ಅಗಲ ಎಂಟೂವರೆ ಅಡಿ. ಅಂದರೆ ಎರಡು ಗಾಡಿಗಳ ನಡುವೆ ಉಳಿಯುವುದು ಮೂರೂವರೆ ಅಡಿ. ಅದರಲ್ಲಿ ನಿಮ್ಮ ಸ್ಲೈಡ್-ಔಟ್ (ಒಳಗೆ ಜಾಗ ಹೆಚ್ಚಿಸಲು ಹೊರಕ್ಕೆ ಚಾಚುವ ಗೋಡೆಯ ಭಾಗ) ಹೊರಗೆ ತಳ್ಳಿದರೆ ಪಕ್ಕದವರಿಗೆ ಕ್ಯಾಬ್ ಬಾಗಿಲು ತೆಗೆಯಲೂ ಜಾಗ ಇರುವುದಿಲ್ಲ. ಸ್ಲೈಡ್ ಬೇಡ, ಬಿಸಿಲಿನ ಚಪ್ಪರ ಬೇಡ, ಕುರ್ಚಿ-ಗ್ರಿಲ್ ಬೇಡ. ಗಾಡಿ ಅಲ್ಲಾಡದಂತೆ ನೆಲಕ್ಕೆ ಊರುವ ಜಾಕ್ ಇಳಿಸುವುದೂ ಬೇಡ, ಬಿಸಿಲಿಗೆ ಡಾಂಬರು ಮೆತ್ತಗಾಗಿರುತ್ತದೆ, ಕುಳಿ ಬೀಳುತ್ತದೆ. ಸ್ಲೈಡ್ ಒಳಗಿದ್ದಾಗಲೇ ಎಲ್ಲರಿಗೂ ಮಲಗಲು ಆಗುತ್ತದಾ, ಟಾಯ್ಲೆಟ್ ಬಾಗಿಲು ತೆರೆಯುತ್ತದಾ ಅಂತ ಬಾಡಿಗೆಗೆ ತಗೊಳ್ಳುವ ದಿನವೇ ನೋಡಿಕೊಳ್ಳಿ. ಅಡುಗೆ ಒಳಗೇ. ಬಟ್ಟೆ ಒಣಹಾಕುವ ದಾರವೂ ಒಳಗೇ. ಅಮ್ಮನಿಗೆ ಇದನ್ನು ಮೊದಲೇ ಹೇಳಿಬಿಡಿ, ಪಾಪ, ಅವರು ಗಾಳಿಯಾಡಲಿ ಅಂತ ಟವೆಲ್ಲನ್ನು ಕನ್ನಡಿಯ ಮೇಲೆ ಹಾಕಿಬಿಡುತ್ತಾರೆ.

ಜನರೇಟರ್ ಹಾಕಲೇಬೇಕಾದರೆ ಅದರ ಹೊಗೆ ಕೊಳವೆ ಯಾವ ಕಡೆ ಇದೆ ನೋಡಿ. ಪಕ್ಕದವರ ಬಂಕ್ ಕಡೆಗೆ ಬೇಡ. ಅಕ್ಕಪಕ್ಕದ ಇಂಜಿನ್ ಹೊಗೆ ನಿಮ್ಮ ಒಳಗೂ ಬರಬಾರದು, ಆ ಕಡೆ ಕಿಟಕಿ ಮುಚ್ಚಿಡಿ. ಗಾಡಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರುತ್ತದೆ, ಅದು ಕೆಲಸ ಮಾಡುತ್ತಿದೆಯಾ ಅಂತ ಬಟನ್ ಒತ್ತಿ ನೋಡಿ. ಇನ್ನು ಅವರ ಸದ್ದಿನ ವಿಷಯ. ಪಕ್ಕದ ಟ್ರೇಲರ್‌ನ ಮುಂಭಾಗದಲ್ಲಿ ಒಂದು ಯಂತ್ರ ರಾತ್ರಿಯಿಡೀ ಗುರ್ ಅಂತ ಶುರುವಾಗಿ ನಿಲ್ಲುತ್ತಿದ್ದರೆ ಅದು ರೀಫರ್, ಅಂದರೆ ಶೀತಲ ಟ್ರೇಲರ್. ಒಳಗೆ ಐಸ್‌ಕ್ರೀಮ್ ಇದ್ದರೆ ಮೈನಸ್ 20 ಫ್ಯಾರನ್‌ಹೀಟ್‌ನಲ್ಲಿ ಇಡಬೇಕಾಗುತ್ತದೆ. ಅದನ್ನು ಆರಿಸಿ ಎಂದು ಕೇಳಲು ಹೋಗಬೇಡಿ. ಕಿವಿಗೆ ಹಾಕಿಕೊಳ್ಳುವ ಸ್ಪಂಜಿನ ಬಿರಡೆ ಆರು ಜನಕ್ಕೂ ತಗೊಂಡು ಹೋಗಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಮಕ್ಕಳು. ಟ್ರಕ್ ಡ್ರೈವರ್ ಎತ್ತರದಲ್ಲಿ ಕೂತಿರುವುದರಿಂದ ಎಲ್ಲ ಕಾಣುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಉದ್ದನೆಯ ಬಾನೆಟ್ ಇರುವ ಟ್ರಕ್‌ನ ಮುಂದೆ ಐದು ವರ್ಷದ ಮಗು ನಿಂತರೆ ಡ್ರೈವರ್‌ಗೆ ಕಾಣುವುದೇ ಇಲ್ಲ. ಮುಂದೆ 20 ಅಡಿ, ಹಿಂದೆ 30 ಅಡಿ ಅವರ ಕಣ್ಣಿಗೆ ಬೀಳದ ಜಾಗ ಎಂದು ಇಲ್ಲಿನ ಸುರಕ್ಷತಾ ಇಲಾಖೆಯೇ ಹೇಳುತ್ತದೆ. ಬಲಗಡೆಯಂತೂ ಎರಡು ಲೇನ್‌ನಷ್ಟು ಕುರುಡು. ಹಾಗಾಗಿ ಅಂಗಡಿಗೆ ಹೋಗುವಾಗ ಟ್ರಕ್‌ಗಳ ನಡುವೆ ನುಸುಳಬೇಡಿ. ಸಾಲು ಮುಗಿಯುವ ತನಕ ನಡೆದು, ಬೆಳಕಿರುವ ಕಡೆಯಿಂದ ದಾಟಿ. ಮಕ್ಕಳ ಕೈ ಹಿಡಿದುಕೊಂಡೇ ಇರಿ. ಅಪ್ಪನಿಗೂ ಹೇಳಿ, ಊಟ ಆದ ಮೇಲೆ ನಾಲ್ಕು ಹೆಜ್ಜೆ ಅಡ್ಡಾಡಿ ಬರುತ್ತೇನೆ ಅಂತ ಕತ್ತಲಲ್ಲಿ ಟ್ರಕ್ ಸಾಲಿಗೆ ಹೋಗುವುದು ಬೇಡ. ಅಂಗಡಿಯ ಮುಂದಿನ ಫುಟ್‌ಪಾತ್ ಇದೆ, ಅಲ್ಲಿ ಅಡ್ಡಾಡಲಿ.

ಟ್ರಕ್ ರಿವರ್ಸ್ ಹಾಕುತ್ತಿರುವುದು ಕಂಡರೆ, ನೀವು ನಡೆಯುತ್ತಿರಲಿ, ಗಾಡಿಯಲ್ಲಿರಲಿ, ದೂರದಲ್ಲೇ ನಿಂತುಬಿಡಿ. ಟ್ರೇಲರನ್ನು ಎಡಕ್ಕೆ ತಳ್ಳಬೇಕೆಂದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು. ಗಾಡಿ ನಡು ಮುರಿದ ಹಾಗೆ ಬಾಗಿದಾಗ ಒಂದು ಕಡೆಯ ಕನ್ನಡಿಯಲ್ಲಿ ಟ್ರೇಲರ್ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಆಗ ಡ್ರೈವರ್ ಇಳಿದು, ಹಿಂದೆ ಹೋಗಿ ನೋಡಿ, ಮತ್ತೆ ಹತ್ತಿ, ಇನ್ನಷ್ಟು ಹಿಂದಕ್ಕೆ ಬಿಡುತ್ತಾರೆ. ಹೊಸಬರು ಇದನ್ನು ನಾಲ್ಕೈದು ಸಲ ಮಾಡುತ್ತಾರೆ. ಅವರು ಇಳಿದದ್ದು ನೋಡಿ, ಈಗ ಜಾಗ ಸಿಕ್ಕಿತು ಅಂತ ನಡುವೆ ನುಗ್ಗಬೇಡಿ. ಹಾರ್ನ್ ಹೊಡೆಯಬೇಡಿ. ನಿಮ್ಮ ಲೈಟ್ ಅವರ ಕನ್ನಡಿಗೆ ಬೀಳುತ್ತಿದ್ದರೆ ಪಾರ್ಕಿಂಗ್ ಲೈಟ್‌ಗೆ ಇಳಿಸಿ. ಮೂರು ನಿಮಿಷದ ಕೆಲಸ. ಕೆಲಸ ಮುಗಿಸಿ ಅವರು ಕೈ ಎತ್ತುತ್ತಾರೆ, ನೀವೂ ಎತ್ತಿ.

ಪೆಟ್ರೋಲ್ ವಿಷಯ ಬೇಗ ಮುಗಿಸುತ್ತೇನೆ. ಬಾಡಿಗೆಗೆ ಸಿಗುವ ಈ ಅಳತೆಯ ಗಾಡಿಗಳು ಸಾಮಾನ್ಯವಾಗಿ ಪೆಟ್ರೋಲ್‌ನವು. ಹಿಂದಿನ ಟ್ರಕ್ ಲೇನ್‌ಗಳಲ್ಲಿ ಇರುವುದು ಡೀಸೆಲ್. ಅಲ್ಲಿ ನಿಮಗೆ ಕೆಲಸವೇ ಇಲ್ಲ. ಕಾರಿನ ಕಡೆಯೇ ಹಾಕಿಸಿ, ಆದರೆ ಮೇಲಿನ ಛಾವಣಿಯ ಎತ್ತರ ನೋಡಿ ಒಳಗೆ ಹೋಗಿ. ಗಾಡಿಯ ಎತ್ತರ ಎಷ್ಟು ಅಡಿ ಎಷ್ಟು ಇಂಚು ಅಂತ ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಪಕ್ಕದಲ್ಲಿ ಅಂಟಿಸಿಕೊಳ್ಳಿ. ಸ್ವಂತ ಡೀಸೆಲ್ ಆರ್‌ವಿ ಇರುವ ಓದುಗರಿಗೆ ಒಂದು ಮಾತು: ಟ್ರಕ್ ಲೇನ್ ಬಳಸಬಹುದು, ಆದರೆ ಅಲ್ಲಿನ ನಾಝಲ್ ದಪ್ಪ, ಹರಿವು ಜೋರು, ನಿಮ್ಮ ಟ್ಯಾಂಕಿನ ಬಾಯಿಗೆ ಹಿಡಿಸುತ್ತದಾ ನೋಡಿಕೊಳ್ಳಿ. ಮತ್ತೆ, ತುಂಬಿಸಿ ಆದ ಕೂಡಲೇ ಗಾಡಿಯನ್ನು ಒಂದು ಗಾಡಿಯುದ್ದ ಮುಂದಕ್ಕೆ ತಗೊಳ್ಳಿ. ಅಲ್ಲೊಂದು ಗೆರೆ ಎಳೆದಿರುತ್ತಾರೆ. ಹಿಂದಿನವರು ಪಂಪ್‌ಗೆ ಬರಲಿ. ರಸೀದಿ, ಕಾಫಿ ಎಲ್ಲ ಆಮೇಲೆ. ಪಂಪ್ ಮುಂದೆ ನಿಲ್ಲಿಸಿ ಗಾಜು ಒರೆಸುವುದು, ಊಟಕ್ಕೆ ಹೋಗುವುದು ಮಾಡಿದರೆ ಹಿಂದಿರುವವರ 14 ಗಂಟೆಯಲ್ಲಿ ಅಷ್ಟು ಕಳೆದುಹೋಯಿತು ಅಂತ ಲೆಕ್ಕ.

ಒಳಗೆ ಸ್ನಾನದ ಕೋಣೆ ಇರುತ್ತದೆ, ನಮ್ಮಂಥವರೂ ದುಡ್ಡು ಕೊಟ್ಟು ಬಳಸಬಹುದು. ಡ್ರೈವರ್‌ಗಳಿಗೆ ಡೀಸೆಲ್ ಹಾಕಿಸಿದ ಲೆಕ್ಕದಲ್ಲಿ ಸ್ನಾನ ಸಿಗುತ್ತದೆ, ಅದು ಅವರ ಸಂಪಾದನೆ. ಚೀಟಿ ತಗೊಂಡು ಸರದಿಯಲ್ಲಿ ಕಾಯಿರಿ, ಬೇಗ ಮುಗಿಸಿ. ಅಪ್ಪ-ಅಮ್ಮನಿಗೆ ಆರ್‌ವಿ ಒಳಗಿನ ಇಕ್ಕಟ್ಟಿನ ಸ್ನಾನಕ್ಕಿಂತ ಇದೇ ಇಷ್ಟವಾಗಬಹುದು, ಕೋಣೆ ದೊಡ್ಡದು, ಶುಚಿಯಾಗಿರುತ್ತದೆ. ಡ್ರೈವರ್ಸ್ ಲೌಂಜ್ ಅಂತ ಬೋರ್ಡ್ ಇರುವ ಕೋಣೆಗೆ ಮಾತ್ರ ಹೋಗಬೇಡಿ. ವಾರಗಟ್ಟಲೆ ಮನೆ ಬಿಟ್ಟು ಇರುವವರಿಗೆ ಕಾಲು ಚಾಚಿ ಟಿವಿ ನೋಡಲು ಇರುವ ಒಂದೇ ಕೋಣೆ ಅದು. ಟ್ಯಾಂಕಿನ ಕೊಳೆ ನೀರನ್ನು ಡಂಪ್ ಸ್ಟೇಷನ್ (ಅದನ್ನು ಬಿಡಲೆಂದೇ ಮಾಡಿದ ಜಾಗ) ಬಿಟ್ಟು ಬೇರೆಲ್ಲೂ ಬಿಡಬೇಡಿ. ಪಾತ್ರೆ ತೊಳೆದ ನೀರು ತಾನೇ ಅಂತ ಚರಂಡಿಗೆ ಬಿಟ್ಟರೂ ತಪ್ಪೇ. ಆರ್‌ವಿಗಳಿಗೆ ಇಲ್ಲಿ ಬಾಗಿಲು ಮುಚ್ಚಲು ಇದೊಂದು ಸಾಕು.

ನಿಲ್ಲಿಸಿದ್ದಕ್ಕೆ ಪ್ರತಿಯಾಗಿ ಅಲ್ಲೇ ಪೆಟ್ರೋಲ್ ಹಾಕಿಸಿ, ಅಲ್ಲೇ ಏನಾದರೂ ತಿನ್ನಿ. ನಿಮ್ಮ ದಾರಿಯಲ್ಲಿ ಇದೇನೂ ಕಷ್ಟವಲ್ಲ. ಈಗ ಅಮೆರಿಕದ ಟ್ರಕ್ಕಿಂಗ್‌ನಲ್ಲಿ ಪಂಜಾಬಿಗಳು ತುಂಬಾ ಜನ ಇದ್ದಾರೆ. ಅವರಿಂದಾಗಿ ಐ-40ರ ಉದ್ದಕ್ಕೂ ಅಲ್ಲಲ್ಲಿ ಟ್ರಕ್ ಸ್ಟಾಪ್‌ನಲ್ಲೇ ಡಾಬಾ ಹುಟ್ಟಿಕೊಂಡಿವೆ. ಒಕ್ಲಹೋಮಾದ ಸೇಯರ್ (ಅದು ನಿಮ್ಮ ದಾರಿಗೆ ಸಿಗುವುದಿಲ್ಲ), ಅಮರಿಲ್ಲೊ ದಾಟಿದ ಮೇಲೆ ಟೆಕ್ಸಸ್‌ನ ವೇಗಾ, ಇಂಥ ಪುಟ್ಟ ಊರುಗಳಲ್ಲಿ ಆಲೂ ಪರಾಠ, ದಾಲ್, ಶುಂಠಿ ಹಾಕಿದ ಚಹಾ ಸಿಗುವಂತಾಯಿತು. ಹೊರಡುವ ಮೊದಲು ಫೋನ್ ಮಾಡಿ ತೆರೆದಿದೆಯಾ ಕೇಳಿಕೊಳ್ಳಿ. ಬಯಲಲ್ಲಿ ಮುನ್ನೂರು ಮೈಲಿ ಹೋದ ಮೇಲೆ ಅಮ್ಮನ ತಟ್ಟೆಗೆ ಬಿಸಿ ಪರಾಠ ಬಿದ್ದರೆ ಅವರ ಮುಖ ನೋಡಬೇಕು ನೀವು. ಲಾರಿ ನಿಂತ ಡಾಬಾದಲ್ಲೇ ಊಟ ಚೆನ್ನಾಗಿರುತ್ತದೆ ಅಂತ ಊರಲ್ಲಿ ಹೇಳುತ್ತಾರಲ್ಲ, ಅದು ಇಲ್ಲೂ ನಿಜ. ಅಲ್ಲಿ ಡ್ರೈವರ್‌ಗಳ ಜೊತೆ ಮಾತಾಡಿ. ಊಟ ಮಾಡುತ್ತಿರುವವರನ್ನು ಎಲ್ಲಿಗೆ ಲೋಡು, ಮನೆ ಬಿಟ್ಟು ಎಷ್ಟು ದಿನ ಆಯಿತು ಅಂತ ಕೇಳಿದರೆ ಬಹಳ ಜನ ಖುಷಿಯಿಂದ ಮಾತಾಡುತ್ತಾರೆ. ಮುಂದಿನ ರಸ್ತೆಯಲ್ಲಿ ಗಾಳಿ ಹೇಗಿದೆ, ಎಲ್ಲಿ ಕೆಲಸ ನಡೆಯುತ್ತಿದೆ ಅಂತ ಅವರಷ್ಟು ಸರಿಯಾಗಿ ಬೇರೆ ಯಾರೂ ಹೇಳಲಾರರು.

ಮತ್ತೆ ಯಾರಾದರೂ ಬಾಗಿಲು ತಟ್ಟಿದರೆ? ಕಿಟಕಿಯಿಂದ ನೋಡಿ ಮಾತಾಡಿ. ಜಾಗ ಬೇಕು ಅಂದರೆ, ನಿಮಗೆ ಎಚ್ಚರ ಇದ್ದು ಗಾಡಿ ಓಡಿಸುವ ಸ್ಥಿತಿ ಇದ್ದರೆ, ಕಾರಿನ ಕಡೆಗೆ ಸರಿದು ಬಿಡಿ. ನಿಮಗೆ ಗಡಿಯಾರ ಇಲ್ಲ, ನೀವು ಸರಿಯಬಹುದು. ಓಡಿಸುವ ಸ್ಥಿತಿ ಇಲ್ಲದಿದ್ದರೆ, ಆಯಾಸ ಆಗಿ ನಿಲ್ಲಿಸಿದ್ದೇವೆ, ಬೆಳಗ್ಗೆ ಐದಕ್ಕೆ ಹೊರಡುತ್ತೇವೆ ಅಂತ ನೇರವಾಗಿ ಹೇಳಿ. ಹೇಳಿದ ಹೊತ್ತಿಗೆ ಹೊರಡಿ. ಹೊರಡುವ ಮೊದಲು ಒಮ್ಮೆ ಗಾಡಿಯ ಸುತ್ತ ನಡೆದು, ಮೆಟ್ಟಿಲು ಮಡಚಿದೆಯಾ, ಮೇಲಿನ ಗಾಳಿಕಿಂಡಿ ಮುಚ್ಚಿದೆಯಾ, ಪಕ್ಕದ ಟ್ರಕ್‌ಗೆ ಎಷ್ಟು ಅಂತರ ಇದೆ ನೋಡಿ. ಬಾಗಿಲು ಧಡಾರ್ ಅಂತ ಹಾಕದೆ ಒತ್ತಿ ಮುಚ್ಚಿ. ಇಂಜಿನ್ ಶುರು ಮಾಡಿದ ಮೇಲೆ ಅಲ್ಲೇ ನಿಂತು ಮ್ಯಾಪ್ ಹಾಕುವುದು, ಮಕ್ಕಳಿಗೆ ಹಾಲು ಕೊಡುವುದು ಬೇಡ. ಅದೆಲ್ಲ ಹತ್ತು ಮೈಲಿ ಆಚೆ, ಮುಂದಿನ ರೆಸ್ಟ್ ಏರಿಯಾದಲ್ಲಿ.